ಪ್ಯಾಕೆಟ್ಟಿನಲ್ಲಿ ಮಿಸೊ ಎಷ್ಟು ಉಳಿದಿದೆ?

ಇನ್‌ಸ್ಟಂಟ್ ರಾಮೆನ್‌ನ ರುಚಿಗಳಲ್ಲಿ ಪ್ಯಾಕೆಟ್ಟಿಗೆ ಇಳಿಸಲು ಅತಿ ಕಷ್ಟವಾದದ್ದು ಮಿಸೊ. ಬರೀ ಉಪ್ಪಿನ ಸಾರಿನ ರಾಮೆನ್ ಆದರೆ ಅದಕ್ಕೆ ಬೇಕಾದ ಮುಖ್ಯ ವಸ್ತು ಮೊದಲೇ ಪುಡಿ, ವರ್ಷಗಟ್ಟಲೆ ಇಟ್ಟರೂ ಕೆಡುವಂಥದ್ದಲ್ಲ. ಮಿಸೊ ಹಾಗಲ್ಲ. ತಿಂಗಳುಗಟ್ಟಲೆ ಹುದುಗಿ ಮಾಗಿದ ಸೋಯಾಬೀನಿನ ಹಸಿ ಮುದ್ದೆ ಅದು. ಅದರ ಉಪ್ಪನ್ನೂ ಸಾರವನ್ನೂ ಪುಡಿಮಾಡಿ ಕಟ್ಟಿಡಬಹುದು. ಆದರೆ ಮಾಗುವಾಗ ಹುಟ್ಟಿದ ಘಮ ಗಾಳಿಗೆ ಹಾರುವ ಅಣುಗಳಿಂದಾದದ್ದು. ಒಣಗಿಸಲು ಹೊರಟರೆ ನೀರಿನ ಜೊತೆಗೆ ಅದೂ ಹೊರಟುಬಿಡುತ್ತದೆ. ಹಾಗಾಗಿ ಮಿಸೊ ರಾಮೆನ್ ಪ್ಯಾಕೆಟ್ಟನ್ನು ಸವಿದು ಬೆಲೆ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಮಿಸೊ ಎಷ್ಟು ಉಳಿದಿದೆ?

ಜಪಾನಿನಲ್ಲಿ ಮಿಸೊಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಮಿಸೊ ರಾಮೆನ್ ಮಾತ್ರ ತೀರಾ ಈಚಿನದು. ಹೊಕ್ಕೈಡೊ ದ್ವೀಪದ ಸಪ್ಪೊರೊ ನಗರದಲ್ಲಿ ‘ಅಜಿ ನೊ ಸಾನ್‌ಪೇ’ ಎಂಬ ಅಂಗಡಿ ಇಟ್ಟಿದ್ದ ಓಮಿಯಾ ಮೊರಿತೊ ಎಂಬಾತ 1950ರ ದಶಕದ ನಡುವಿನಲ್ಲಿ ಅದನ್ನು ರೂಪಿಸಿದ. ಸ್ವಿಟ್ಜರ್ಲೆಂಡಿನ ಮ್ಯಾಗಿ ಕಂಪನಿಯ ಮುಖ್ಯಸ್ಥರೊಬ್ಬರು ಮಿಸೊವನ್ನು ಹೊಗಳಿದ್ದ ಲೇಖನ ಓದಿ ಅವನಿಗೆ ಈ ಯೋಚನೆ ಬಂತು ಎಂದು ಹೇಳುತ್ತಾರೆ. ಬಾಣಲೆಯಲ್ಲಿ ಹಂದಿಯ ಕೊಬ್ಬು ಕಾಯಿಸಿ, ಮೊಳಕೆಕಾಳು ಈರುಳ್ಳಿ ಹುರಿದು, ಮಿಸೊ ಬೆರೆಸಿ, ಮೂಳೆಯ ಸಾರು ಹೊಯ್ಯುವುದು ಸಪ್ಪೊರೊದ ಪದ್ಧತಿ. ಮೇಲೆ ತೇಲುವ ಕೊಬ್ಬಿನ ಪದರ ಆವಿಯನ್ನು ತಡೆದು ಬಟ್ಟಲಿನ ಬಿಸಿ ಬೇಗ ಆರದಂತೆ ನೋಡಿಕೊಳ್ಳುತ್ತದೆ. ಮೊಳಕಾಲೆತ್ತರ ಹಿಮ ಬೀಳುವ ಊರಿಗೆ ಅದು ಸಣ್ಣ ಉಪಕಾರವೇನಲ್ಲ.

ಅತ್ತ ಒಸಾಕಾ ಬಳಿಯ ಇಕೆಡಾದಲ್ಲಿ, ಮನೆಯ ಹಿತ್ತಲಿನ ಗುಡಿಸಲಲ್ಲಿ ಪ್ರಯೋಗ ನಡೆಸುತ್ತಿದ್ದ ಅಂಡೊ ಮೊಮೊಫುಕು 1958ರ ಆಗಸ್ಟ್ 25ರಂದು ‘ಚಿಕನ್ ರಾಮೆನ್’ ಮಾರುಕಟ್ಟೆಗೆ ಬಿಟ್ಟ. ಜಗತ್ತಿನ ಮೊದಲ ಇನ್‌ಸ್ಟಂಟ್ ನೂಡಲ್ಸ್ ಎಂದು ಹೆಸರಾದದ್ದು ಅದೇ. ಅವನ ನಿಸ್ಸಿನ್ ಕಂಪನಿಯ ಭಾರತೀಯ ಶಾಖೆ ಬೆಂಗಳೂರಿನಲ್ಲೇ ನೆಲೆಯೂರಿ, 1991ರಲ್ಲಿ ಟಾಪ್ ರಾಮೆನ್ ಹೊರತಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಚಿಕನ್ ರಾಮೆನ್ ಬಂದು ಹತ್ತು ವರ್ಷಕ್ಕೆ, 1968ರಲ್ಲಿ, ಗುನ್ಮಾ ಪ್ರಾಂತದ ಸಾನ್ಯೊ ಫುಡ್ಸ್ ಕಂಪನಿ ‘ಸಪ್ಪೊರೊ ಇಚಿಬಾನ್’ ಹೆಸರಿನಲ್ಲಿ ಮಿಸೊ ರಾಮೆನ್ ತಂದಿತು. ಸಪ್ಪೊರೊದ ಹೋಟೆಲಿನ ಬಟ್ಟಲು ಹೀಗೆ ಮೂರು ನಿಮಿಷದ ಪ್ಯಾಕೆಟ್ಟಾಯಿತು. ಇವತ್ತಿಗೂ ಅದು ಜಪಾನಿನ ಅಂಗಡಿಗಳ ಶೆಲ್ಫ್‌ನಲ್ಲಿದೆ. ಮಿಸೊ ರಾಮೆನ್‌ಗಳನ್ನು ಹೋಲಿಸಲು ಕೂರುವವರು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿಯಾದ ಕ್ರಮವೆಂದು ನನಗನ್ನಿಸುತ್ತದೆ.

ಈಗ ಘಮದ ಮೂಲಕ್ಕೆ ಬರೋಣ. ಬೇಯಿಸಿದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಬೆಳೆಸಿದರೆ ಸಿಗುವುದು ಕೋಜಿ. ಕೆಲವು ಕಡೆ ಅಕ್ಕಿಯ ಬದಲು ಬಾರ್ಲಿ ಬಳಸುತ್ತಾರೆ. 2006ರಲ್ಲಿ ಜಪಾನಿನ ಮದ್ಯತಯಾರಿಕಾ ವಿಜ್ಞಾನಿಗಳ ಸಂಘ ಈ ಬೂಷ್ಟನ್ನು ರಾಷ್ಟ್ರೀಯ ಶಿಲೀಂಧ್ರವೆಂದೇ ಘೋಷಿಸಿತು. ಬೆಂದ ಸೋಯಾಬೀನು, ಕೋಜಿ, ಉಪ್ಪು ಮೂರನ್ನೂ ಕಲಸಿ ಪೀಪಾಯಿಯಲ್ಲಿ ಒತ್ತಿ ಇಟ್ಟರೆ ಬೂಷ್ಟು ಬಿಟ್ಟುಹೋದ ಕಿಣ್ವಗಳು ಕೆಲಸ ಶುರುಮಾಡುತ್ತವೆ. ಪ್ರೋಟೀನನ್ನು ಅಮೈನೊ ಆಮ್ಲಗಳಾಗಿ ಕತ್ತರಿಸುತ್ತವೆ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆಮೇಲೆ ಉಪ್ಪಿಗೆ ಅಂಜದ ಸೂಕ್ಷ್ಮಜೀವಿಗಳ ಸರದಿ. ಅವುಗಳಲ್ಲಿ ಜೈಗೊಸ್ಯಾಕರೊಮೈಸಿಸ್ ರೂಕ್ಸಿಯೈ ಎಂಬ ಯೀಸ್ಟ್ ಎಚ್‌ಇಎಂಎಫ್ ಎಂಬ ಅಣುವನ್ನು ಹುಟ್ಟಿಸುತ್ತದೆ. ಸುಟ್ಟ ಸಕ್ಕರೆಯಂಥ, ಸ್ವಲ್ಪ ಹಣ್ಣಿನಂಥ ಪರಿಮಳ ಅದರದು. ಒಳ್ಳೆಯ ಮಿಸೊ ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಡಿಯುವ ಸಿಹಿಯಲ್ಲಿ ಇದರ ಪಾಲು ದೊಡ್ಡದು. ಜೊತೆಗೆ ಮದ್ಯಸಾರ, ಎಸ್ಟರುಗಳು, ಬೇಯಿಸಿದ ಆಲೂಗೆಡ್ಡೆಯ ವಾಸನೆಯ ಮೆಥಿಯೊನಾಲ್, ಸಣ್ಣ ಹೊಗೆಯ ಛಾಯೆ. ಇತ್ತ ಸಕ್ಕರೆಗೂ ಅಮೈನೊ ಆಮ್ಲಕ್ಕೂ ನಿಧಾನವಾಗಿ ಮಯಾರ್ ಕ್ರಿಯೆ ನಡೆದು ಬಣ್ಣ ಕೆಂಪಿಗೆ, ಕಂದಿಗೆ ತಿರುಗುತ್ತದೆ. ಕ್ಯೋಟೊದ ಬಿಳಿ ಮಿಸೊಗೆ ಕೆಲವು ವಾರ ಸಾಕು. ಒಕಾಜಾಕಿಯ ಹಚ್ಚೊ ಮಿಸೊ ಕಲ್ಲಿನ ರಾಶಿಯ ಭಾರ ಹೊತ್ತು ಎರಡು ಬೇಸಿಗೆ, ಎರಡು ಚಳಿಗಾಲ ಕಾಯುತ್ತದೆ.

ಇಷ್ಟೆಲ್ಲ ಕಾದು ಪಡೆದದ್ದನ್ನು ಒಣಗಿಸುವುದು ಹೇಗೆ? ಒಂದು ದಾರಿ ಸಿಂಪಡಿಸಿ ಒಣಗಿಸುವುದು. ತೆಳುಮಾಡಿದ ಮಿಸೊವನ್ನು ಬಿಸಿಗಾಳಿಯ ಗೋಪುರದೊಳಗೆ ಹನಿಹನಿಯಾಗಿ ಚಿಮ್ಮಿಸಿದರೆ ನೆಲ ಮುಟ್ಟುವ ಮೊದಲೇ ಪುಡಿಯಾಗುತ್ತದೆ. ಇನ್ನೊಂದು ದುಬಾರಿ ದಾರಿ. ಮಿಸೊವನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟು, ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುವಂತೆ ಮಾಡುವುದು. ಎರಡರಲ್ಲೂ ಘಮ ಪೂರ್ತಿ ಕಳೆದುಹೋಗುವುದಿಲ್ಲ ಎಂಬುದೇ ಆಶ್ಚರ್ಯ. ನೀರಿನ ಅಣು ತೀರಾ ಚಿಕ್ಕದು, ಘಮದ ಅಣುಗಳು ಅದಕ್ಕಿಂತ ದೊಡ್ಡವು. ಒಣಗುತ್ತಿರುವ ಹನಿಯ ಹೊರಮೈಯಲ್ಲಿ ಸಕ್ಕರೆ ಮತ್ತು ಡೆಕ್ಸ್‌ಟ್ರಿನ್ ಎಂಬ ಪಿಷ್ಟಜನ್ಯ ವಸ್ತು ದಟ್ಟವಾಗಿ ಗಾಜಿನಂತೆ ಬಿಗಿಯುತ್ತಿದ್ದಂತೆ ನೀರು ಆ ಪದರದ ಸಂದಿಯಲ್ಲಿ ನುಸುಳಿ ಹೋಗುತ್ತದೆ, ದೊಡ್ಡ ಅಣುಗಳು ಒಳಗೇ ಸಿಕ್ಕಿಬೀಳುತ್ತವೆ. ಮಿಸೊ ಪುಡಿಯ ಪದಾರ್ಥಪಟ್ಟಿಯಲ್ಲಿ ಡೆಕ್ಸ್‌ಟ್ರಿನ್ ಕಂಡರೆ ಗಾತ್ರ ಹೆಚ್ಚಿಸಲು ಸುರಿದ ಹಿಟ್ಟು ಎಂದು ಮೂಗು ಮುರಿಯಬೇಡಿ. ಘಮದ ಪಂಜರ ಅದು.

ಆದರೂ ಸೋರುವುದು ಸೋರಿಯೇ ಸೋರುತ್ತದೆ. ಎಚ್‌ಇಎಂಎಫ್ ನೀರಿನಲ್ಲಿ ಚೆನ್ನಾಗಿ ಕರಗುವ, ಬೇಗ ಹಾರದ ಅಣು. ಹಗುರ ಎಸ್ಟರುಗಳೂ ಮದ್ಯಸಾರವೂ ಹಾಗಲ್ಲ. ಪುಡಿ ಮಿಸೊದ ಸಾರಿನಲ್ಲಿ ಸುಟ್ಟ ಸಕ್ಕರೆಯ ಆಳ ಇದ್ದು, ಮೇಲ್ಪದರದ ತಾಜಾತನ ಕಡಿಮೆ ಅನ್ನಿಸುವುದಕ್ಕೆ ಇದು ಕಾರಣವಾಗಬಲ್ಲದು. ಆ ಕೊರತೆಯನ್ನು ಕಂಪನಿಗಳು ಬೆಳ್ಳುಳ್ಳಿ, ಶುಂಠಿ, ಎಳ್ಳು, ಹಂದಿ ಕೊಬ್ಬುಗಳಿಂದ ತುಂಬುತ್ತವೆ. ಸಪ್ಪೊರೊದ ಬಾಣಲೆಯಲ್ಲೂ ಇವುಗಳಲ್ಲಿ ಕೆಲವು ಇದ್ದವು, ಆದ್ದರಿಂದ ಮೋಸವೇನಿಲ್ಲ. ಆದರೆ ಬೆಳ್ಳುಳ್ಳಿಯ ಅಬ್ಬರದಲ್ಲಿ ಮಿಸೊ ಕೇಳಿಸದಿದ್ದರೆ ನಾನು ಅಂಕ ಕಳೆಯುತ್ತೇನೆ. ಈಚಿನ ದುಬಾರಿ ಪ್ಯಾಕೆಟ್ಟುಗಳು ಪುಡಿಯನ್ನು ಬಿಟ್ಟು, ಮಿಸೊವನ್ನು ಗಟ್ಟಿ ದ್ರವವಾಗಿಯೇ ಸಣ್ಣ ಪೊಟ್ಟಣದಲ್ಲಿ ಕೊಡುತ್ತವೆ. 2011ರಲ್ಲಿ ಬಂದ ‘ಮಾರುಚಾನ್ ಸೇಮೆನ್’ ಅಂಥದ್ದು. ಒಣಗಿಸುವ ಹಂತವೇ ಇಲ್ಲದ್ದರಿಂದ ಘಮದ ಲೆಕ್ಕದಲ್ಲಿ ಇವು ಪುಡಿಗಿಂತ ಒಂದು ಹೆಜ್ಜೆ ಮುಂದೆ.

ನೂಡಲ್ಸ್ ಕಡೆಗೂ ಒಂದು ನೋಟ ಬೇಕು, ಏಕೆಂದರೆ ಸಾರು ಬಾಯಿಗೆ ಬರುವುದು ಅದನ್ನು ಹಿಡಿದುಕೊಂಡೇ. ರಾಮೆನ್ ಹಿಟ್ಟಿಗೆ ‘ಕಾನ್ಸುಯಿ’ ಎಂಬ ಕ್ಷಾರ ಬೆರೆಸುತ್ತಾರೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟುಗಳ ಮಿಶ್ರಣ ಅದು. ನಮ್ಮ ಅಜ್ಜಿಯರು ಹಪ್ಪಳದ ಹಿಟ್ಟಿಗೆ ಹಾಕುತ್ತಿದ್ದ ಹಪ್ಪಳದ ಖಾರವೂ ಇದೇ ಬಳಗದ ಕ್ಷಾರ. ಗೋಧಿಯಲ್ಲಿ ಸುಪ್ತವಾಗಿರುವ ಫ್ಲೇವೋನ್ ವರ್ಣಕಗಳು ಕ್ಷಾರದಲ್ಲಿ ಹಳದಿಯಾಗುತ್ತವೆ, ಗ್ಲುಟೆನ್ ಬಿಗಿಯಾಗುತ್ತದೆ. ರಾಮೆನ್‌ಗೆ ಮೊಟ್ಟೆ ಹಾಕಿದಂಥ ಬಣ್ಣ, ಹಲ್ಲಿಗೆ ಪುಟಿಯುವ ಗುಣ ಬರುವುದು ಹೀಗೆ. ಎಳೆಗಳನ್ನು ಆವಿಯಲ್ಲಿ ಬೇಯಿಸಿ ಪಿಷ್ಟವನ್ನು ಅರಳಿಸಿದ ಮೇಲೆ ಎರಡು ದಾರಿ. 140ರಿಂದ 160 ಡಿಗ್ರಿ ಸೆಲ್ಸಿಯಸ್ ಬಿಸಿಯ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುವುದು ಮೊದಲನೆಯದು. ಬಿಸಿಗಾಳಿಯಲ್ಲಿ ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಒಣಗಿಸುವುದು ಎರಡನೆಯದು. ಯಾವುದೆಂದು ತಿಳಿಯಲು ಲೇಬಲ್ ಓದಬೇಕಿಲ್ಲ. ಒಣ ಎಳೆಯೊಂದನ್ನು ಮುರಿದು ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕರಿದ ಎಳೆಯಲ್ಲಿ ನೀರು ಆವಿಯಾಗಿ ಸಿಡಿದು ಹೋದ ದಾರಿಗಳು ತೂತುತೂತಾಗಿ ಕಾಣುತ್ತವೆ. ಆ ತೂತುಗಳಲ್ಲಿ ಎಣ್ಣೆ ನೆಲೆಸಿರುತ್ತದೆ, ನೂಡಲ್ಸಿನ ತೂಕದ 15ರಿಂದ 20 ಶೇಕಡ. ಗಾಳಿಯಲ್ಲಿ ಒಣಗಿದ ಎಳೆ ಒತ್ತೊತ್ತಾಗಿ, ಕೊಂಬಿನ ತುಂಡಿನಂತೆ ನುಣುಪಾಗಿರುತ್ತದೆ. ಕರಿದದ್ದಕ್ಕೆ ನೀರು ಬೇಗ ನುಗ್ಗುತ್ತದೆ, ಮೂರು ನಿಮಿಷ ಸಾಕು. ಇನ್ನೊಂದಕ್ಕೆ ನಾಲ್ಕೈದು ನಿಮಿಷ ಬೇಕು.

ಮಿಸೊಗೆ ಯಾವುದು ಒಪ್ಪುತ್ತದೆ? ಹಗುರ ಉಪ್ಪು ಸಾರಿನಲ್ಲಿ ಕರಿದ ಎಣ್ಣೆಯ ವಾಸನೆ ಎದ್ದು ಕಾಣುತ್ತದೆ. ಮಿಸೊ ಮಾತ್ರ ಅದನ್ನು ಸುಲಭವಾಗಿ ಅರಗಿಸಿಕೊಳ್ಳುತ್ತದೆ, ಘಮದ ಅಣುಗಳಲ್ಲಿ ಕೆಲವು ಕೊಬ್ಬಿನಲ್ಲಿ ಕರಗುವುದರಿಂದ ಅದಕ್ಕೊಂದು ಆಸರೆಯೂ ಸಿಗುತ್ತದೆ. ಗಾಳಿಯಲ್ಲಿ ಒಣಗಿದ ನೂಡಲ್ಸೇ ಯಾವಾಗಲೂ ಶ್ರೇಷ್ಠ ಎಂಬ ಮಾತನ್ನು ಮಿಸೊ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ ಮೊದಲು ನೀರಿನ ಅಳತೆ ಸರಿಯಿರಬೇಕು. ಸಪ್ಪೊರೊ ಇಚಿಬಾನ್ ಮಿಸೊಗೆ 500 ಮಿಲಿಲೀಟರ್. ನೂಡಲ್ಸ್ ತನ್ನ ತೂಕಕ್ಕೂ ಹೆಚ್ಚು ನೀರು ಕುಡಿಯುತ್ತದೆ, ಸ್ವಲ್ಪ ಆವಿಯಾಗುತ್ತದೆ. ಕೊನೆಗೆ ಉಳಿಯುವ ಸಾರು 400 ಮಿಲಿಗಿಂತ ಕಡಿಮೆ. ಕುದಿ ಜೋರಾಗಿ ಇನ್ನೊಂದು 40 ಮಿಲಿ ಹೋಯಿತೆಂದರೆ ಉಪ್ಪಿನ ಸಾಂದ್ರತೆ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಏರುತ್ತದೆ, ಪಳಗಿದ ನಾಲಗೆ ಗುರುತಿಸಬಹುದಾದ ವ್ಯತ್ಯಾಸ ಅದು. ಮುಚ್ಚಳವಿಲ್ಲದ ಅಗಲ ಪಾತ್ರೆಯಲ್ಲಿ ಒಂದನ್ನು, ಕಿರಿದಾದ ಪಾತ್ರೆಯಲ್ಲಿ ಇನ್ನೊಂದನ್ನು ಬೇಯಿಸಿ ಹೋಲಿಸಿದರೆ ನೀವು ಹೋಲಿಸಿದ್ದು ಪಾತ್ರೆಗಳನ್ನು. ಮಿಸೊ ಪುಡಿಯನ್ನು ಬೆಂಕಿ ಆರಿಸಿದ ಮೇಲೆಯೇ ಹಾಕಬೇಕು. ಮಿಸೊ ಸಾರನ್ನು ಕುದಿಸಿ ಬಿಡಬಾರದು, ಕುದಿ ಏಳುವ ಆ ಕ್ಷಣವೇ ಅದರ ಘಮದ ಶಿಖರ ಎಂಬುದು ಜಪಾನಿನ ಅಡುಗೆಮನೆಗಳ ಹಳೆಯ ತಿಳಿವಳಿಕೆ. ಒಣಗಿಸುವಾಗ ಡೆಕ್ಸ್‌ಟ್ರಿನ್ ಪಂಜರದಲ್ಲಿ ಉಳಿದುಕೊಂಡ ಅಣುಗಳನ್ನು ಒಲೆಯ ಮೇಲೆ ಕಳೆಯುವುದು ಬೇಡ.

ಇನ್ನು ಪೂರ್ವಗ್ರಹ. ಹೊಳೆಯುವ ಪ್ಯಾಕೆಟ್ಟು, ಹೆಚ್ಚಿನ ಬೆಲೆ, ಜಪಾನಿನಿಂದ ಬಂದದ್ದೆಂಬ ಗೌರವ ಎಲ್ಲವೂ ನಾಲಗೆಯ ಮೇಲೆ ಪ್ರಭಾವ ಬೀರುತ್ತವೆ. ಮೈಸೂರಿನ ಚೆಲುವಾಂಬಾ ಮಹಲಿನಲ್ಲಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಇಂದ್ರಿಯಗಳಿಂದ ಆಹಾರ ಅಳೆಯುವ ವಿಭಾಗವಿದೆ. ಇಂಥ ಕಡೆ ಮಾದರಿಗಳಿಗೆ ಹೆಸರಿರುವುದಿಲ್ಲ, ಯಾದೃಚ್ಛಿಕ ಮೂರಂಕಿ ಸಂಖ್ಯೆ ಮಾತ್ರ. ಎರಡು ಮಾದರಿಗಳ ನಡುವೆ ನಿಜಕ್ಕೂ ವ್ಯತ್ಯಾಸವಿದೆಯೇ ಎಂದು ತಿಳಿಯಲು ತ್ರಿಕೋನ ಪರೀಕ್ಷೆ ಬಳಸುತ್ತಾರೆ. ಮೂರು ಬಟ್ಟಲು, ಎರಡರಲ್ಲಿ ಒಂದೇ ಸಾರು, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಬಾರಿ ಸರಿಯಾಗುತ್ತದೆ. ಆದ್ದರಿಂದ ಹನ್ನೆರಡು ಜನರಲ್ಲಿ ನಾಲ್ವರು ಸರಿ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಎಂಟು ಮಂದಿಯಾದರೂ ಸರಿ ಹೇಳಬೇಕು. ಆಗ ಅದು ಬರೀ ಅದೃಷ್ಟವಾಗಿರುವ ಸಂಭವ ನೂರಕ್ಕೆ ಎರಡಕ್ಕೂ ಕಡಿಮೆ. ಮನೆಯಲ್ಲಿ ಆರು ಜನರಿದ್ದರೆ ಐವರು ಸರಿ ಹೇಳಬೇಕು. ರಾಮೆನ್‌ನಲ್ಲಿ ಒಂದು ತೊಡಕಿದೆ. ಮೂರೂ ಬಟ್ಟಲು ಒಂದೇ ಹೊತ್ತಿಗೆ ಬೆಂದು, ಒಂದೇ ಬಿಸಿಯಲ್ಲಿ ಮುಂದೆ ಬರಬೇಕು. ನೂಡಲ್ಸಿನಲ್ಲಿ ಇದು ಬಲು ಕಷ್ಟ. ಮನೆಯವರು ಸಾರನ್ನಷ್ಟೇ ಈ ಪರೀಕ್ಷೆಗೆ ಇಟ್ಟುಕೊಂಡು, ಎಳೆಗಳನ್ನು ಬೇರೆಯಾಗಿ ನೋಡುವುದು ಒಳ್ಳೆಯದು.

ಸಾರು ಬಟ್ಟಲಿಗೆ ಬಿದ್ದ ಮೇಲೆ ಮೊದಲ ಕೆಲಸ ನೋಡುವುದು. ಎಣ್ಣೆ ಕಡಿಮೆಯಿರುವ ಮಿಸೊ ಸಾರನ್ನು ಅಲುಗಾಡಿಸದೆ ಇಟ್ಟರೆ ತುಸು ಹೊತ್ತಿನಲ್ಲೇ ಅದರ ಮೇಲ್ಮೈ ಮೋಡಮೋಡದ ಕೋಶಗಳಾಗಿ ಒಡೆಯುತ್ತದೆ. ನಡುವೆ ಮಸುಕಾದ ಕಣಗಳು ಮೇಲೇರಿ ಹರಡುತ್ತವೆ, ಅಂಚಿನ ತಿಳಿಗೆರೆಗಳಲ್ಲಿ ಕೆಳಗಿಳಿಯುತ್ತವೆ. ಆವಿಯಿಂದ ತಣಿದ ಮೇಲಿನ ಪದರ ಮುಳುಗುತ್ತಿದೆ, ಅಡಿಯ ಬಿಸಿ ಸಾರು ಏಳುತ್ತಿದೆ. ಫ್ರಾನ್ಸಿನ ಆನ್ರಿ ಬೆನಾರ್ 1900ರ ಸುಮಾರಿಗೆ ತೆಳುದ್ರವಗಳಲ್ಲಿ ಅಧ್ಯಯನ ಮಾಡಿದ ಸಂವಹನದ ಕೋಶಗಳಿಗೆ ಇವು ಹತ್ತಿರದ ನೆಂಟರು. ಉಳಿದ ಸಾರುಗಳಲ್ಲೂ ಈ ಚಲನೆ ಇರುತ್ತದೆ, ಆದರೆ ಅದನ್ನು ಕಣ್ಣಿಗೆ ತೋರಿಸುವುದು ಸೋಯಾಬೀನಿನ ನುಣ್ಣನೆ ಕಣಗಳು. ಈ ಚಿತ್ರ ಚೆನ್ನಾಗಿ ಮೂಡಿದರೆ ಸಾರಿನಲ್ಲಿ ನಿಜವಾದ ಮಿಸೊ ಕಣಗಳಿವೆ ಎಂದು ನನಗೆ ಭರವಸೆ ಬರುತ್ತದೆ.

ಎರಡನೆಯ ಕೆಲಸ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯುವುದು. ಉಪ್ಪು ತಿಳಿಯುತ್ತದೆ, ಸ್ವಲ್ಪ ಸಿಹಿ, ಬಾಯಿ ತುಂಬುವ ಉಮಾಮಿ. ಸಾರು ಮಿಸೊದ್ದೋ ಸೋಯಾ ಸಾಸಿನದೋ ಎಂದು ಹೇಳುವುದು ಮಾತ್ರ ಕಷ್ಟ. ಈಗ ನುಂಗಿ, ಮೂಗು ಬಿಡಿ. ಗಂಟಲ ಹಿಂದಿನಿಂದ ಏರಿದ ಉಸಿರು ಘಮವನ್ನು ಮೂಗಿನ ಮೇಲ್ಭಾಗಕ್ಕೆ ಒಯ್ಯುತ್ತದೆ, ಮಿಸೊ ಅಲ್ಲಿ ಬಂದು ನಿಲ್ಲುತ್ತದೆ. ಮೂಗು ಬಿಟ್ಟಾಗ ಸೇರಿದ್ದೆಷ್ಟೋ ಪ್ಯಾಕೆಟ್ಟಿನಲ್ಲಿ ಉಳಿದ ಘಮವೂ ಅಷ್ಟೇ. ಮೂಗು ಬಿಟ್ಟರೂ ಹೆಚ್ಚೇನೂ ಬದಲಾಗದ ಸಾರು ಉಪ್ಪು ಮತ್ತು ಗ್ಲುಟಮೇಟಿನ ಬಲದ ಮೇಲೆ ನಿಂತಿದೆ. ಜಪಾನೀಯರು ಸದ್ದು ಮಾಡಿ ಹೀರುವುದಕ್ಕೂ ಇಲ್ಲೊಂದು ಪ್ರಯೋಜನವಿದೆ. ಗಾಳಿಯೊಡನೆ ಒಳಹೋದ ಸಾರು ಹೆಚ್ಚು ಘಮ ಬಿಡುತ್ತದೆ.

ಗ್ಲುಟಮೇಟನ್ನು ಹಗುರವಾಗಿ ಕಾಣುವ ಕಾರಣವೂ ಇಲ್ಲ. 1908ರಲ್ಲಿ ಟೋಕಿಯೊದ ಇಕೆಡಾ ಕಿಕುನಾಯೆ ಕೊಂಬು ಎಂಬ ಕಡಲಪಾಚಿಯಿಂದ ಅದನ್ನು ಬೇರ್ಪಡಿಸಿ, ಉಮಾಮಿ ಎಂಬ ಐದನೆಯ ರುಚಿಗೆ ಹೆಸರು ಕೊಟ್ಟ. 1913ರಲ್ಲಿ ಅವನ ಶಿಷ್ಯ ಕೊಡಾಮಾ ಶಿಂತಾರೊ ಒಣಮೀನಿನಲ್ಲಿ ಇನೊಸಿನೇಟನ್ನು ಕಂಡ. 1950ರ ದಶಕದ ಕೊನೆಗೆ ಕುನಿನಾಕಾ ಅಕಿರಾ ಗ್ವಾನಿಲೇಟಿನ ರುಚಿಯನ್ನೂ, ಇವು ಗ್ಲುಟಮೇಟಿನ ಜೊತೆ ಸೇರಿದಾಗ ರುಚಿ ಹಲವು ಪಟ್ಟು ಏರುವುದನ್ನೂ ತೋರಿಸಿದ. ಏಕೆ ಏರುತ್ತದೆ ಎಂಬುದು ಗೊತ್ತಾದದ್ದು ಈ ಶತಮಾನದಲ್ಲಿ. ನಾಲಗೆಯ ಉಮಾಮಿ ಗ್ರಾಹಕ ಪ್ರೋಟೀನಿಗೆ ದವಡೆಯಂಥ ಭಾಗವೊಂದಿದೆ. ಗ್ಲುಟಮೇಟ್ ಬಂದು ಅದರ ಕೀಲಿನ ಹತ್ತಿರ ಕೂತರೆ ದವಡೆ ಮುಚ್ಚಿ ಸಂಕೇತ ಹೊರಡುತ್ತದೆ. ಇನೊಸಿನೇಟ್ ದವಡೆಯ ಬಾಯಂಚಿನಲ್ಲಿ ಕೂತು, ಮುಚ್ಚಿದ್ದು ಬೇಗ ತೆರೆಯದಂತೆ ಹಿಡಿಯುತ್ತದೆ. ಮಿಸೊದಲ್ಲಿ ಸಹಜ ಗ್ಲುಟಮೇಟ್ ಇದೆ, ಇನೊಸಿನೇಟ್ ಇಲ್ಲವೆನ್ನುವಷ್ಟು ಕಡಿಮೆ. ಸಪ್ಪೊರೊದ ಅಡುಗೆಯವ ಅದನ್ನು ಮಾಂಸದ ಸಾರಿನಿಂದ ತರುತ್ತಿದ್ದ. ಕಾರ್ಖಾನೆ ಅದನ್ನು ಪುಡಿಯಾಗಿ ಸೇರಿಸುತ್ತದೆ. ಜಪಾನೀ ಲೇಬಲ್ಲಿನಲ್ಲಿ ‘ರುಚಿಕಾರಕ, ಅಮೈನೊ ಆಮ್ಲ ಇತ್ಯಾದಿ’ ಎಂಬ ಅರ್ಥದ ಒಂದೇ ಸಾಲಿನಲ್ಲಿ ಎರಡೂ ಅಡಗಿರುತ್ತವೆ.

ಎಳೆಗಳ ಪರೀಕ್ಷೆಯನ್ನು ಮೂರು ಹೊತ್ತಿನಲ್ಲಿ ಮಾಡಬೇಕು: ಬಡಿಸಿದ ಕೂಡಲೇ, ಅರ್ಧ ಬಟ್ಟಲು ಮುಗಿದಾಗ, ಕೊನೆಯಲ್ಲಿ. ಹೊಸದಾಗಿ ಬೆಂದ ಎಳೆಯ ಹೊರಭಾಗ ನೀರು ಕುಡಿದು ಮೆತ್ತಗಿರುತ್ತದೆ, ನಡುಭಾಗದಲ್ಲಿ ನೀರು ಕಡಿಮೆ. ಹಲ್ಲಿಗೆ ಸಿಗುವ ಪ್ರತಿರೋಧ ಈ ಅಂತರದ ಫಲ. ನೀರು ಒಳಗೊಳಗೇ ಹರಡಿ ಸಮನಾದಾಗ ಪುಟಿತ ಹೋಗಿ ಎಳೆ ಮುದ್ದೆಯಾಗುತ್ತದೆ. ಒಳ್ಳೆಯ ಪ್ಯಾಕೆಟ್ಟು ಯಾವುದೆಂದರೆ, ಮೊದಲ ತುತ್ತಿನ ಬಿಗಿಯನ್ನು ಐದಾರು ನಿಮಿಷ ಉಳಿಸಿಕೊಂಡದ್ದು. ಮೊದಲ ತುತ್ತಿಗಷ್ಟೇ ಅಂಕ ಕೊಡುವವರು ಈ ಗುಣವನ್ನು ಕಾಣದೇ ಹೋಗುತ್ತಾರೆ.

ಸಪ್ಪೊರೊ ಇಚಿಬಾನ್ ಮಿಸೊ ಜೊತೆ ಶಿಚಿಮಿ ಎಂಬ ಏಳು ಮಸಾಲೆಯ ಚಿಕ್ಕ ಪೊಟ್ಟಣ ಬರುತ್ತದೆ. ಶಿಚಿಮಿಯಲ್ಲಿ ಸಾಮಾನ್ಯವಾಗಿ ಮೆಣಸಿನಕಾಯಿಯ ಜೊತೆಗೆ ಸನ್ಶೊ ಇರುತ್ತದೆ. ನಮ್ಮ ಕರಾವಳಿಯ ಮೀನು ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಗರ ತಿರ್ಫಳ, ಅದೇ ಜಾಂಥೊಕ್ಸೈಲಮ್ ಕುಲದ್ದು. ಈ ಕುಲದ ಸನ್ಶೂಲ್ ಅಣುಗಳು ಸ್ಪರ್ಶದ ನರಗಳನ್ನೇ ಕೆಣಕುತ್ತವೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಸಿಚುವಾನ್ ಮೆಣಸನ್ನು ತುಟಿಗೆ ಹಚ್ಚಿ ಅಳೆದಾಗ ಆ ಜುಮ್ಮು ಸೆಕೆಂಡಿಗೆ 50 ಬಾರಿಯ ಕಂಪನದಷ್ಟಿತ್ತು. ಶಿಚಿಮಿ ಮಿಸೊಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಪರೀಕ್ಷೆಯ ಅರ್ಧ ಮುಗಿಯುವವರೆಗೆ ಪೊಟ್ಟಣ ಬಿಚ್ಚಬಾರದು. ಜುಮ್ಮೆಂದ ಬಾಯಿಗೆ ಸೂಕ್ಷ್ಮಗಳು ಗೊತ್ತಾಗುವುದಿಲ್ಲ.

ಕೊನೆಗೆ ಉಪ್ಪಿನ ಮಾತು. ಇಂಥ ಒಂದು ಬಟ್ಟಲಿನಲ್ಲಿ ಸುಮಾರು 5ರಿಂದ 6 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಜಪಾನಿನ ಅನೇಕ ಲೇಬಲ್ಲುಗಳು ನೂಡಲ್ಸಿನ ಉಪ್ಪನ್ನೂ ಸಾರಿನ ಉಪ್ಪನ್ನೂ ಬೇರೆಬೇರೆಯಾಗಿ ಮುದ್ರಿಸುತ್ತವೆ, ಸಾರಿನದೇ ದೊಡ್ಡ ಪಾಲು. ಈ ಪದ್ಧತಿ ನಮ್ಮ ದೇಶದ ಪ್ಯಾಕೆಟ್ಟುಗಳಿಗೂ ಬರಬೇಕೆಂದು ನನ್ನ ಆಸೆ. ಘಮ ಮೊದಲ ಕೆಲವು ನಿಮಿಷಗಳದ್ದು. ಆಮೇಲೆ ಅದು ಆವಿಯೊಡನೆ ತೆಳುವಾಗುತ್ತದೆ, ಮೂಗೂ ಅದಕ್ಕೆ ಒಗ್ಗಿಹೋಗುತ್ತದೆ. ಉಮಾಮಿಯ ಸಂಕೇತ ಸಾಗಿಸುವ ಟಿಆರ್‌ಪಿಎಂ5 ಎಂಬ ಅಯಾನು ಕಾಲುವೆ ಬೆಚ್ಚಗಿದ್ದಾಗ ಚುರುಕು, ಸಾರು ತಣಿದಂತೆ ಮಂದ. ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಎಳೆಗಳು ಮುಗಿದ ಮೇಲೆ ಬಟ್ಟಲಿನ ತಳದಲ್ಲಿ ಉಳಿದ ಅರ್ಧ ಸಾರಿನಲ್ಲಿ ಮಿಸೊದ ಘಮ ಬಹುಪಾಲು ಮುಗಿದಿರುತ್ತದೆ, ಉಪ್ಪಿನ ಪಾಲು ಪೂರ್ತಿ ಇರುತ್ತದೆ. ನಾನು ಅದನ್ನು ಕುಡಿಯದೆ ಬಿಡುತ್ತೇನೆ, ಮೊದಲ ಹತ್ತು ಗುಟುಕುಗಳಲ್ಲೇ ತನ್ನ ಮಿಸೊವನ್ನೆಲ್ಲ ಕೊಟ್ಟುಬಿಡುವ ಪ್ಯಾಕೆಟ್ಟಿಗೆ ಹೆಚ್ಚಿನ ಅಂಕ ಹಾಕುತ್ತೇನೆ.